ಎಲೆಯ ಮೇಲೆ ಗಂಟು ಕಟ್ಟಿದ್ದು ಯಾರು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಸರ್ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಕಣಜವನ್ನು ನೆನೆದರು. ಚಳ್ಳೆ ಮರದ ಎಲೆಯ ಮೇಲೆ ಗಂಟು ಮೂಡಿಸುವ ಪುಟ್ಟ ಕಣಜವನ್ನು ಕಂಡುಹಿಡಿದವರು ಇವರು, ಅದರಿಂದಲೇ ನಮ್ಮ ಕಾಲೇಜಿಗೆ ಹೆಸರು ಬಂತು ಎಂದು ಹೇಳಿ, ಒಬ್ಬೊಬ್ಬರಾಗಿ ಫೋಟೋಕ್ಕೆ ಹೂ ಹಾಕಿ ಇಳಿದರು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಆ ಕಣಜ ಗಂಟು ಮೂಡಿಸುವುದಿಲ್ಲ. ಆ ಮಾತನ್ನು ಇದೇ ಸಭಾಂಗಣದಲ್ಲಿ ಸರ್ ತಾವೇ ಎದ್ದು ನಿಂತು ಹೇಳಿದ್ದರು. ಯಾರಿಗೂ ಅದು ನೆನಪಿರಲಿಲ್ಲವೋ, ಸತ್ತವರ ಎದುರು ಆಡುವ ಮಾತಲ್ಲ ಎಂದು ಬಿಟ್ಟರೋ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೂ ಮನಸ್ಸು ತಡೆಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ಹಾಕಿದರೂ ನಮಗೆ ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸುತ್ತದೆ. ಮುಂಬೈಯ ಕುರ್ಲಾ ಕಡೆಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರು ‘ಸರ್’, ಅಷ್ಟೆ. ನಾನು ಅವರ ವಿದ್ಯಾರ್ಥಿನಿಯಾಗಿದ್ದೆ, ಆಮೇಲೆ ಅವರ ಕೈಕೆಳಗೇ ಪಿಎಚ್.ಡಿ. ಮಾಡಿದೆ, ಕೊನೆಗೆ ಅವರ ಪಕ್ಕದ ಮೇಜಿನ ಸಹೋದ್ಯೋಗಿಯಾದೆ. ಮೂರೂ ಕಾಲದಲ್ಲಿ ಅವರು ನನ್ನನ್ನು ಕರೆದದ್ದು ಒಂದೇ ಹೆಸರಿನಿಂದ, ‘ಮಾರಾಯ್ತಿ’. ಸರ್ ಉಡುಪಿ ಕಡೆಯವರು. ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ಸರ್ ಓದಿದ್ದು, ಬೆಳೆದದ್ದು ಎಲ್ಲ ಅದೇ ಹೋಟೆಲಿನ ಅಟ್ಟದ ಮೇಲೆ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಇಂಗ್ಲಿಷು, ಪ್ಯೂನ್ ಹತ್ತಿರ ಮರಾಠಿ. ಕನ್ನಡ ಬಲ್ಲ ನಮ್ಮಂಥ ಒಂದಿಬ್ಬರು ಸಿಕ್ಕಿದರೆ ಮಾತ್ರ ಕನ್ನಡ.

ಕೈಯಲ್ಲಿ ಸದಾ ಒಂದು ಉದ್ದನೆಯ ಕೊಡೆ ಇರುತ್ತಿತ್ತು. ಮಳೆಗೂ ಬಿಸಿಲಿಗೂ ಅವರು ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ಅದರ ಬಾಗಿದ ಹಿಡಿಕೆಯಿಂದ ಕೊಂಬೆಯನ್ನು ಕೆಳಗೆ ಎಳೆದುಕೊಂಡು, ಎಲೆಯನ್ನು ಮಗುಚಿ, ಕನ್ನಡಕ ಹಣೆಗೇರಿಸಿ ನೋಡುವುದಕ್ಕೆ ಅದು ಬೇಕಿತ್ತು. ಸ್ಟೇಷನ್ನಿನಿಂದ ಕಾಲೇಜಿಗೆ ಅವರ ಜೊತೆ ನಡೆದು ಬರಬೇಕೆಂದರೆ ತಾಳ್ಮೆ ಬೇಕು. ರಿಕ್ಷಾದವರು ಹಾರ್ನ್ ಹೊಡೆಯುತ್ತಿದ್ದರೂ ಅತ್ತಿ ಮರದ ಕೆಳಗೆ ನಿಂತುಬಿಡುತ್ತಿದ್ದರು. ಎಲೆ ಕೀಳುತ್ತಿರಲಿಲ್ಲ. ನೋಡಿ, ಕೊಂಬೆಯನ್ನು ನಿಧಾನವಾಗಿ ಮೇಲಕ್ಕೆ ಬಿಡುತ್ತಿದ್ದರು.

ಎಲೆಗಂಟು ಎಂದರೆ ಏನು ಅಂತ ನನಗೆ ಅರ್ಥವಾದದ್ದು ಕ್ಲಾಸಿನಲ್ಲಲ್ಲ. ಎಂ.ಎಸ್ಸಿ.ಯಲ್ಲಿದ್ದಾಗ ಒಂದು ದಿನ ನಮ್ಮನ್ನೆಲ್ಲ ಫೋರ್ಟ್‌ನ ಲೈಬ್ರರಿಗೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ತಮ್ಮ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿಗೇ ಕರೆದೊಯ್ದು ಪೂರಿ-ಭಾಜಿ ಹೇಳಿದರು. ಉಬ್ಬಿದ ಪೂರಿ ಬಂತು. ಎಲ್ಲರೂ ಕೈಹಾಕುವಷ್ಟರಲ್ಲಿ ಸರ್ ತಡೆದರು.

“ನಿಲ್ಲಿ. ಇದರೊಳಗೆ ಎಂತ ಉಂಟು?”

“ಗಾಳಿ ಸರ್” ಎಂದೆವು.

“ಈ ಉಬ್ಬು ಎಲ್ಲಿಂದ ಬಂತು? ಹೊರಗಿನಿಂದ ಯಾರಾದರೂ ತಂದು ಅಂಟಿಸಿದರಾ? ಇಲ್ಲ. ಹಿಟ್ಟು ಅದೇ, ಚಪ್ಪಟೆಯಾಗಿದ್ದದ್ದು ಎಣ್ಣೆಗೆ ಬಿದ್ದು ಉಬ್ಬಿತು. ಎಲೆಗಂಟೂ ಹಾಗೆಯೇ. ಹುಳ ಒಂದು ಕಣ ಮಣ್ಣೂ ಹೊತ್ತು ತರುವುದಿಲ್ಲ. ಚಿಗುರಿನಲ್ಲಿ ತಾಯಿ ಮೊಟ್ಟೆ ಇಡ್ತದೆ, ಮರಿ ಅಲ್ಲಿ ಬಾಯಿ ಹಚ್ಚಿ ರಸ ಹೀರುವಾಗ ಅದರ ಜೊಲ್ಲು ಎಲೆಗೆ ಸೇರ್ತದೆ. ಅಷ್ಟಕ್ಕೇ ಎಲೆಯ ಆ ಜಾಗ ತನ್ನ ಲೆಕ್ಕ ತಪ್ಪಿ ಬೆಳೆಯಲಿಕ್ಕೆ ಶುರು. ಸುತ್ತ ಗೋಡೆ ಏಳ್ತದೆ, ಒಳಗೆ ಮೆತ್ತನೆ ಊಟದ ಪದರ, ಹೊರಗೆ ಗಟ್ಟಿ ಸಿಪ್ಪೆ. ಮನೆಯೂ ಎಲೆಯದ್ದೇ, ಕೂಲಿಯೂ ಎಲೆಯದ್ದೇ. ಹುಳ ಬರೀ ಬಾಡಿಗೆ ಕೊಡದ ಬಿಡಾರಿ.”

ಅಷ್ಟು ಹೇಳುವಷ್ಟರಲ್ಲಿ ಪೂರಿಗಳೆಲ್ಲ ಇಳಿದು ಚಪ್ಪಟೆಯಾಗಿದ್ದವು. ಹೋಟೆಲಿನ ಮಾಲೀಕರು ಗಲ್ಲಾದಿಂದಲೇ ನಕ್ಕು ಇನ್ನೊಂದು ಸುತ್ತು ಬಿಸಿ ಪೂರಿ ಕಳಿಸಿದರು.

ಎಲೆಗಂಟನ್ನು ರೋಗ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಪವಾಯಿಯಲ್ಲಿ ನಾವಿರುವ ಬಿಲ್ಡಿಂಗಿನ ಗೇಟಿನ ಹತ್ತಿರ ಸಪ್ತಪರ್ಣಿ ಮರಗಳಿವೆ. ಅವುಗಳ ಎಲೆಯ ಮೇಲೆ ಬಟಾಣಿಯಂಥ ಗಂಟುಗಳು ಗೊಂಚಲಾಗಿ ಏಳುತ್ತವೆ. ನಮ್ಮ ಸೊಸೈಟಿಯ ಸೆಕ್ರೆಟರಿ ಅದನ್ನು ನೋಡಿ ಗಾಬರಿಯಾಗಿ, ಮಕ್ಕಳು ಆಡುವ ಜಾಗ, ಇದಕ್ಕೆ ಔಷಧಿ ಹೊಡೆಸಬೇಕು, ಇಲ್ಲವಾದರೆ ಕಡಿಸಬೇಕು ಎಂದು ಹಟ ಹಿಡಿದಿದ್ದರು. ನಾನು ಸರ್ ಅವರನ್ನು ಕರೆದುಕೊಂಡು ಬಂದೆ. ಅವರು ಕೊಡೆಯ ಹಿಡಿಕೆಯಿಂದ ಒಂದು ಕೊಂಬೆ ಎಳೆದು ನೋಡಿ, ಸೆಕ್ರೆಟರಿಯತ್ತ ತಿರುಗಿ ಹಿಂದಿಯಲ್ಲಿ ಕೇಳಿದರು: “ಮರ ನಿಮ್ಮ ಹತ್ತಿರ ಏನಾದರೂ ಕಂಪ್ಲೇಂಟ್ ಕೊಟ್ಟಿದೆಯಾ?” ಎಲೆಗಳಿಗೆ ಗಂಟಾದರೂ ಮರ ಸಾಯುವುದಿಲ್ಲ, ಮನುಷ್ಯರಿಗೆ ಇದು ಅಂಟುವುದೂ ಇಲ್ಲ ಎಂದು ಆಮೇಲೆ ಸಮಾಧಾನದಿಂದಲೇ ತಿಳಿಸಿದರು. ಮರಗಳು ಉಳಿದವು.

ಇಷ್ಟು ಓದಿ ಅವರನ್ನು ಬಹಳ ಸೌಮ್ಯ ಮನುಷ್ಯ ಅಂದುಕೊಳ್ಳಬೇಡಿ. ಹಟಮಾರಿ. ಮುಂಗೋಪಿ. ತಮ್ಮ ಕಣಜದ ವಿಷಯದಲ್ಲಂತೂ ಅವರಿಗಿದ್ದ ಹೆಮ್ಮೆ ಸಣ್ಣದಲ್ಲ. ಕಾಲೇಜಿನ ಹಿಂದೆ, ರೈಲು ಹಳಿಗೆ ತಾಗಿದ ಕಾಂಪೌಂಡಿನ ಬದಿಯಲ್ಲಿ ಎರಡು ಚಳ್ಳೆ ಮರಗಳಿವೆ. ಹಣ್ಣು ಗೋಂದಿನಂತೆ ಅಂಟಂಟು, ಇಲ್ಲಿನವರು ಭೋಕರ ಅನ್ನುತ್ತಾರೆ, ಎಳೆಕಾಯಿ ಉಪ್ಪಿನಕಾಯಿ ಹಾಕುತ್ತಾರೆ. ಆ ಮರದ ಎಲೆಗಂಟುಗಳನ್ನು ಸರ್ ತಮ್ಮ ಚಿಕ್ಕ ವಯಸ್ಸಿನಲ್ಲಿ ಗಾಜಿನ ಜಾಡಿಯಲ್ಲಿಟ್ಟು ಕಾದಿದ್ದರು. ಗಂಟು ಕೊರೆದು ಹೊರಗೆ ಬಂದದ್ದು ಎಳ್ಳಿನ ಕಾಳಿಗಿಂತ ಚಿಕ್ಕ, ಹಸಿರು ಹೊಳಪಿನ ಕಣಜ. ಹೆಣ್ಣು ಕಣಜ ಗಂಟಿನ ಮೇಲೆ ಕೂತು ಸೂಜಿಯಂಥ ಬಾಲ ಚುಚ್ಚುವುದನ್ನೂ ಕಂಡರು. ಗಂಟು ಕಟ್ಟುವ ಕಣಜ ಇದೇ ಎಂದು ಬರೆದರು, ಅದು ಅಚ್ಚಾಯಿತು, ಬೇರೆಯವರು ಅದನ್ನು ಎತ್ತಿ ಹೇಳಿದರು. ಅಂದಿನಿಂದ ಆ ಕಣಜ ಅವರ ಬಾಯಲ್ಲಿ ‘ನಮ್ಮ ಮೇಸ್ತ್ರಿ’. ಗಂಟಿನ ಮೇಲೆ ಕೂತ ಮೇಸ್ತ್ರಿಯ ದೊಡ್ಡ ಫೋಟೋ ಅವರ ಮೇಜಿನ ಗಾಜಿನ ಕೆಳಗೆ ಇತ್ತು. ನನ್ನ ಪಿಎಚ್.ಡಿ.ಯೂ ಮೇಸ್ತ್ರಿಯ ಮೇಲೆಯೇ. ಅದು ಯಾವಾಗ ಚುಚ್ಚುತ್ತದೆ, ಎಷ್ಟು ಹೊತ್ತು, ಮರಿ ಒಳಗೆ ಹೇಗೆ ಬೆಳೆಯುತ್ತದೆ, ಎಲ್ಲವನ್ನೂ ಅವರು ತೋರಿಸಿಕೊಟ್ಟ ಹಾಗೆ ನೋಡಿ ಬರೆದಿದ್ದೆ.

ಅವರು ನಿವೃತ್ತರಾಗುವ ಹಿಂದಿನ ವರ್ಷ ಎಂ.ಎಸ್ಸಿ.ಗೆ ರೇಣುಕಾ ಎಂಬ ಹುಡುಗಿ ಇದ್ದಳು. ತಂದೆ-ತಾಯಿ ಯಾದಗಿರಿ ಕಡೆಯಿಂದ ಬಂದವರು. ತಂದೆ ಬಿಲ್ಡಿಂಗ್ ಕೆಲಸದ ಗೌಂಡಿ. ಕುರ್ಲಾದ ಒಂದು ಚಾಳಿನಲ್ಲಿ ಮನೆ. ಮನೆಯಲ್ಲಿ ಕನ್ನಡ ಆಡುತ್ತಿದ್ದರೂ ಅವಳ ನಾಲಿಗೆಗೆ ಹಿಂದಿಯೇ ಹತ್ತಿರ. ಮಾತು ಕಡಿಮೆ, ಆದರೆ ಒಮ್ಮೆ ಕೇಳಲು ಶುರುಮಾಡಿದರೆ ಬಿಡುತ್ತಿರಲಿಲ್ಲ.

ಮೇ ತಿಂಗಳು ಬಂದರೆ ಮುಂಬೈಯ ನಮ್ಮ ತುಳುವರು ಊರಿಗೆ ಹೋಗಿಬಿಡುತ್ತಾರೆ. ಸರ್ ಕೂಡ ಪರೀಕ್ಷೆ ಮುಗಿದದ್ದೇ ಹೆಂಡತಿಯೊಂದಿಗೆ ರೈಲು ಹತ್ತಿದರೆ ಮರಳುತ್ತಿದ್ದದ್ದು ಜೂನಿನಲ್ಲಿ, ಮಳೆಯ ಜೊತೆಗೆ. ಆ ವರ್ಷವೂ ಹಾಗೇ ಹೋದರು. ರೇಣುಕಾಗೆ ಹೋಗಲು ಊರಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಯಾದಗಿರಿಯ ಮನೆಯ ಬಾಗಿಲು ಮುಚ್ಚಿತ್ತು. ಚಾಳಿನ ಸೆಕೆಯಲ್ಲಿ ಕೂರುವ ಬದಲು ಅವಳು ದಿನಾ ಕಾಲೇಜಿಗೆ ಬಂದಳು. ಮಾರ್ಚಿನಲ್ಲಿ ಚಿಗುರತೊಡಗಿದ ಚಳ್ಳೆ ಮರ ಇನ್ನೂ ಹೊಸ ಎಲೆ ಬಿಡುತ್ತಲೇ ಇತ್ತು. ಅವಳು ಅದರ ಕೆಳಗೆ ಒಂದು ಸ್ಟೂಲ್ ಹಾಕಿಕೊಂಡು ಕೂತಳು.

ಜೂನಿನಲ್ಲಿ ಸರ್ ಬಂದ ಮೊದಲ ವಾರವೇ ಅವಳು ಅವರ ಮೇಜಿನ ಮುಂದೆ ಬಂದು ನಿಂತಳು. ಪಕ್ಕದ ಮೇಜಿನಲ್ಲಿ ನಾನಿದ್ದೆ.

“ಸರ, ಒಂದು ಕೇಳ್ಲೇನ್ರಿ?” ಗಾಜಿನ ಕೆಳಗಿನ ಫೋಟೋದ ಮೇಲೆ ಬೆರಳಿಟ್ಟಳು. “ಕಣಜ ತತ್ತಿ ಇಟ್ಟ ಮ್ಯಾಲ ಗಂಟು ಬೆಳೀತದ ಅಂತ ನೀವು ಹೇಳ್ತೀರಿ. ಆದ್ರ ಈ ಫೋಟೋದಾಗ ಗಂಟು ಮೊದಲೇ ಅದ ಅಲ್ರೀ? ಪೂರಾ ಬಲಿತದ. ಮತ್ತ ಇದು ಕೂತು ಏನು ಮಾಡಾಕತ್ತದ?”

“ಅದು ಎರಡನೇ ಕೋಣೆ ಮಾಡ್ತಾ ಉಂಟು. ಒಂದೊಂದು ಗಂಟಿನಲ್ಲಿ ಎರಡು ಮೂರು ಕೋಣೆ ಇರ್ತದೆ. ನನ್ನ ಪೇಪರ್ ಓದಿಲ್ವಾ ನೀನು?”

“ಓದೀನ್ರಿ. ಆದ್ರ ಮೇದಾಗ ನಾ ಎಳೇ ಗಂಟು ಒಡದು ನೋಡ್ದೆ. ಒಳಗ ಕೇಸರಿ ಬಣ್ಣದ ಹುಳ ಅದ ಸರ. ಕಣಜದ ಮರಿ ಹಂಗ ಇರೂದಿಲ್ಲ. ಮತಲಬ್, ಅದು ಬ್ಯಾರೆನೇ ಏನೋ ಅದ.”

“ಮೊದಲು ಪುಸ್ತಕ ಸರಿಯಾಗಿ ಓದು. ಆಮೇಲೆ ಒಡೆ.” ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತು ಮುಗಿಯಿತು ಅನ್ನುವುದಕ್ಕೆ ಅವರು ಹಾಗೆ ಮಾಡುತ್ತಿದ್ದರು. ಆದರೆ ಅವಳು ಹೋಗಲಿಲ್ಲ.

“ನಮ್ಮಪ್ಪ ಪವಾಯಿದಾಗ ಎಷ್ಟೋ ಬಿಲ್ಡಿಂಗ್ ಕಟ್ಟ್ಯಾರ್ರಿ. ಅಲ್ಲಿ ಬಾಗಲಾ ತಗದು ಹೊರಗ ಬರಾವ್ರು ಬ್ಯಾರೆ ಮಂದಿ. ಹೊರಗ ಬಂದಾವ್ರೇ ಕಟ್ಟ್ಯಾರ ಅನ್ನಾಕ ಬರೂದಿಲ್ಲಲ್ರಿ, ಸರ.”

ನಾನು ಇರುವುದೂ ಅಂಥದೇ ಒಂದು ಬಿಲ್ಡಿಂಗಿನಲ್ಲಿ. ತಲೆ ಎತ್ತಲಿಲ್ಲ. ಸರ್ ಎದ್ದು ಕ್ಲಾಸಿಗೆ ಹೋದರು. ಮುಂದೆ ಕೆಲವು ದಿನ ಅವಳ ಕಡೆ ನೋಡದೆ ಪಾಠ ಮಾಡಿದರು. ಹುಡುಗರಿಗೂ ಅದು ಗೊತ್ತಾಗಿತ್ತು.

ಅವರು ಯಾವಾಗ ಮನಸ್ಸು ತಿರುಗಿಸಿದರು ಎಂದು ಕೇಳಿದರೆ ನನಗೆ ಹೇಳಲಾಗದು. ನಾನು ಕಂಡದ್ದು ಇಷ್ಟು. ಒಂದು ಮಧ್ಯಾಹ್ನ ಲ್ಯಾಬಿನ ಕಿಟಕಿಯಿಂದ ನೋಡಿದರೆ ಸರ್ ಒಬ್ಬರೇ ಚಳ್ಳೆ ಮರದ ಕೆಳಗಿದ್ದಾರೆ. ಪಕ್ಕದಲ್ಲಿ ಲೋಕಲ್‌ಗಳು ಹೋಗುತ್ತಿವೆ. ಜಿಟಿಜಿಟಿ ಮಳೆ. ಕೊಡೆ ಕೊಂಬೆಗೆ ಸಿಕ್ಕಿಸಿದೆ. ಮಳೆಗೆ ಬಂದ ಹೊಸ ಚಿಗುರಿನ ಎಳೆ ಗಂಟುಗಳನ್ನು ಬ್ಲೇಡಿನಿಂದ ಸೀಳಿ ಸೀಳಿ ನೋಡುತ್ತಿದ್ದಾರೆ. ಸುಮ್ಮನೆ ಒಂದು ಎಲೆ ಕೀಳದ ಮನುಷ್ಯ ಅಂದು ಕಾಲಡಿಯ ತುಂಬ ಎಲೆ ಕಿತ್ತು ಹಾಕಿದ್ದರು. ತೋಯ್ದ ಅಂಗಿಯಲ್ಲೇ ಒಳಗೆ ಬಂದು ಕೈ ತೊಳೆದುಕೊಂಡರು. “ಆ ಹುಡುಗಿಯನ್ನು ಕರಿ” ಎಂದರು.

ರೇಣುಕಾ ಹೆದರಿಕೊಂಡೇ ಬಂದಳು. ಸರ್ ಮೈಕ್ರೋಸ್ಕೋಪಿನ ಮುಂದಿನ ತಮ್ಮ ಕುರ್ಚಿಯಿಂದ ಎದ್ದು, “ಕೂತ್ಕೊ. ಎಂತೆಲ್ಲ ನೋಡಿದ್ದಿ, ಒಂದೊಂದಾಗಿ ತೋರಿಸು” ಎಂದರು. ಅವಳು ತೋರಿಸಿದಳು. ಕೆಲವು ಗಂಟುಗಳ ತೂತಿನಲ್ಲಿ ಅರ್ಧ ಹೊರಗೆ ಚಾಚಿಕೊಂಡು ಒಂದು ತೆಳ್ಳನೆಯ ಪೊರೆ ಸಿಕ್ಕಿಕೊಂಡಿತ್ತು. ನುಸಿಯಂಥ ಒಂದು ಪುಟ್ಟ ನೊಣ ಹೊರಗೆ ಬರುವಾಗ ಕಳಚಿಟ್ಟ ಪೊರೆ ಅದು. ಕೇಸರಿ ಹುಳ ಬೆಳೆದು ಆಗುವುದು ಆ ನುಸಿ. ಗಂಟು ಕಟ್ಟಿಸಿದ್ದೂ ಅದೇ. ಬೇರೆ ಕೆಲವು ಗಂಟುಗಳಲ್ಲಿ ಪೊರೆ ಇಲ್ಲ, ಕೊರೆದ ದುಂಡನೆಯ ತೂತು ಮಾತ್ರ. ಅಲ್ಲಿಂದ ಬಂದದ್ದು ಕಣಜ. ಅಂದರೆ ಕಣಜ ಬಲಿತ ಗಂಟಿಗೆ ಸೂಜಿ ಚುಚ್ಚಿ ಒಳಗಿನ ಹುಳದ ಪಕ್ಕದಲ್ಲಿ ಮೊಟ್ಟೆ ಇಡುತ್ತದೆ, ಅದರ ಮರಿ ಹುಳವನ್ನು ತಿಂದು ಬೆಳೆದು ಅದೇ ಮನೆಯಿಂದ ಹೊರಗೆ ಬರುತ್ತದೆ. ಚಿಗುರಿನ ಹೊತ್ತಿಗೆ ಬಂದು ಹೋಗುವ ನುಸಿಯನ್ನು ಸರ್ ಯಾವ ವರ್ಷವೂ ಕಂಡಿರಲಿಲ್ಲ. ಅದು ಹಾರುವ ದಿನಗಳಲ್ಲಿ ಅವರು ಮೊದಲು ಪರೀಕ್ಷೆಯ ಗಡಿಬಿಡಿಯಲ್ಲಿ, ಆಮೇಲೆ ಊರಿನಲ್ಲಿರುತ್ತಿದ್ದರು. ಜೂನಿನಲ್ಲಿ ಬಂದು ಬಲಿತ ಗಂಟುಗಳನ್ನು ಮಾತ್ರ ಆಯ್ದು ಜಾಡಿಗೆ ಹಾಕುತ್ತಿದ್ದರು. ಅವುಗಳಲ್ಲಿ ಉಳಿದಿದ್ದದ್ದು ಕೊಂದವನೇ.

ಸರ್ ಬಹಳ ಹೊತ್ತು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಕೊಂಡೇ ಇದ್ದರು. ಕೊನೆಗೆ, “ಇನ್ನೊಂದು ಚಿಗುರಿನ ಕಾಲ ನೋಡುವ. ಮಾರ್ಚಿನಿಂದ ನಾನೂ ನಿನ್ನ ಜೊತೆ ಕೂರ್ತೇನೆ” ಎಂದರು.

ಕೂತರು ಕೂಡ. ಮುಂದಿನ ವರ್ಷ ಚಿಗುರೊಡೆದಾಗ ಇಬ್ಬರೂ ಸ್ಟೂಲ್ ಹಾಕಿಕೊಂಡು ಮರದ ಕೆಳಗೆ ಕೂತಿರುವುದನ್ನು ಕಾಲೇಜೆಲ್ಲ ನೋಡಿತು. ನುಸಿ ಬಂದು ಚಿಗುರಿನ ಮೇಲೆ ಮೊಟ್ಟೆ ಇಡುವುದನ್ನು ಅವರು ತಮ್ಮ ಕಣ್ಣಿಂದಲೇ ಕಂಡರು. ಮೊಟ್ಟೆ ಇಟ್ಟ ಎಲೆಗಳಿಗೆ ದಾರ ಕಟ್ಟಿ, ಕೊಂಬೆಗೆ ತೆಳುಬಟ್ಟೆಯ ಚೀಲ ಹೊದಿಸಿ ಕಣಜ ಹತ್ತಿರ ಬರದಂತೆ ಮಾಡಿದರು. ಕಣಜವಿಲ್ಲದೆಯೇ ಗಂಟು ಬೆಳೆಯಿತು. ಇನ್ನು ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಸರ್ ಪವಾಯಿಯ ನಮ್ಮ ಮನೆಗೆ ಬಂದರು. ಹಾಗೆ ಹೇಳದೆ ಕೇಳದೆ ಬರುವವರಲ್ಲ. ಚಹ ಕೊಟ್ಟೆ. ಅರ್ಧ ಕುಡಿದು ಕಪ್ ಕೆಳಗಿಟ್ಟರು.

“ನಾನು ಪೇಪರ್ ವಾಪಸ್ ತಗೊಳ್ತೇನೆ. ಜರ್ನಲಿಗೆ ಬರೀತೇನೆ. ಬೀಳ್ಕೊಡುಗೆ ಸಭೆಯಲ್ಲಿಯೂ ಹೇಳ್ತೇನೆ. ಹೇಳಿದ ಮೇಲೆ ನಿನ್ನ ಥೀಸಿಸ್ಸಿಗೂ ಪೆಟ್ಟು ಬೀಳ್ತದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ಬಂದೆ.”

ನನಗೆ ಇದು ಬರುತ್ತದೆ ಎಂದು ಗೊತ್ತಿತ್ತು. ಆದರೆ ಆ ಬೇಸಿಗೆ ಕಳೆದರೆ ನನ್ನ ಪ್ರಮೋಶನ್ ಸಂದರ್ಶನವಿತ್ತು.

“ನೀವು ರಿಟೈರ್ ಆಗಿ ಹೋಗ್ತೀರಿ ಸರ್. ನಾನು ಇನ್ನೂ ಇಲ್ಲೇ ಇರಬೇಕು. ಇವಳ ಗುರು ತಪ್ಪು, ಇವಳ ಪಿಎಚ್.ಡಿ. ತಪ್ಪು ಅಂತ ಪ್ರತಿಯೊಬ್ಬರೂ ನನ್ನ ಮುಖ ನೋಡ್ತಾರೆ.”

“ಹೌದು.”

“ಹೌದು ಅಂದ್ರೆ?”

“ಹೌದು ಅಂದ್ರೆ ಹೌದು. ನೋಡ್ತಾರೆ. ನಾನು ಮಾಡಿದ ತಪ್ಪು, ನೀನು ಅನುಭವಿಸ್ತೀಯಾ. ಅದಕ್ಕೆ ನನ್ನ ಹತ್ತಿರ ಸಮಾಧಾನದ ಮಾತು ಇಲ್ಲ ಮಾರಾಯ್ತಿ.”

ನಾನು ಅತ್ತುಬಿಟ್ಟೆ. ಅವರು ಉಳಿದ ಚಹ ಕುಡಿದರು. ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಖಾಲಿ ಕಪ್ ಸರಿಸಿ, “ನಿನ್ನ ಥೀಸಿಸ್ ತಾ” ಎಂದರು.

ಆ ಮೇ ತಿಂಗಳು ಸರ್ ಊರಿಗೆ ಹೋಗಲಿಲ್ಲ. ಅವರ ತಮ್ಮನ ಮಗಳ ಮದುವೆ ಇತ್ತು. ಅವರ ಹೆಂಡತಿ, ನಮಗೆಲ್ಲ ಆಂಟಿ, ಒಬ್ಬರೇ ರೈಲು ಹತ್ತಿದರು. “ಮದುವೆಗೆ ಅಣ್ಣ ಎಲ್ಲಿ ಅಂತ ಕೇಳಿದರೆ ನಾನು ಹುಳದ ಕತೆ ಹೇಳ್ಬೇಕಾ?” ಎಂದು ಬೈದುಕೊಂಡೇ ಹೋದರಂತೆ. ಸರ್ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದರು. ಥೀಸಿಸ್ಸಿನ ಒಂದೊಂದು ಪುಟ ತೆರೆದು, ಇದು ಕಂಡದ್ದಾ, ಅಂದುಕೊಂಡದ್ದಾ ಎಂದು ಕೇಳುತ್ತಿದ್ದರು. ಕಂಡದ್ದಾದರೆ ಬಿಡುವುದು, ಅಂದುಕೊಂಡದ್ದಾದರೆ ಅಡ್ಡಗೀಟು ಹಾಕುವುದು. ನನಗೆ ಆಶ್ಚರ್ಯವಾಯಿತು. ಬಹಳಷ್ಟು ಉಳಿಯಿತು. ಕಣಜ ಯಾವಾಗ ಚುಚ್ಚುತ್ತದೆ, ಮರಿ ಹೇಗೆ ಬೆಳೆಯುತ್ತದೆ, ಎಲ್ಲಿ ಕೋಶ ಕಟ್ಟುತ್ತದೆ, ಯಾವುದೂ ಸುಳ್ಳಾಗಿರಲಿಲ್ಲ. ಮನೆ ಕಟ್ಟುವವನೆಂದು ತಿಳಿದು ನಾನು ನೋಡಿದ್ದು ಒಬ್ಬ ಕೊಲೆಗಾರನನ್ನು. ನೋಡಿದ್ದು ಮಾತ್ರ ಸರಿಯಾಗಿಯೇ ನೋಡಿದ್ದೆ. ಹೀಗೆ ಉಳಿದದ್ದನ್ನು ಸೇರಿಸಿ ಹೊಸದಾಗಿ ಬರೆಯಲು ಕೂತೆವು. ನಡುವೆ ಜಗಳವೂ ಆಯಿತು. ಒಂದು ದಿನ ನಾನು ಪುಟಗಳನ್ನು ಸೋಫಾದ ಮೇಲೆ ಎಸೆದು ಅಡುಗೆಮನೆಗೆ ಹೋದೆ. ಹೊರಗೆ ಬಂದು ನೋಡಿದರೆ ಸರ್ ಪುಟಗಳನ್ನು ಕ್ರಮವಾಗಿ ಜೋಡಿಸಿಟ್ಟು, ಅದರ ಮೇಲೆ ತಮ್ಮ ಕನ್ನಡಕ ಇಟ್ಟು ಹೋಗಿದ್ದರು. ಕನ್ನಡಕವಿಲ್ಲದೆ ಮನೆ ಮುಟ್ಟಿದ್ದು ಹೇಗೋ! ಮರುದಿನ ಬಂದು ಏನೂ ಆಗದವರಂತೆ ಮುಂದಿನ ಪುಟ ತೆರೆದರು.

ಬೀಳ್ಕೊಡುಗೆ ಸಭೆ ಜೂನಿನಲ್ಲಿ ನಡೆಯಿತು. ಕಾಲೇಜಿನವರು ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಮನುಷ್ಯನ ಗಾತ್ರದ ಹಸಿರು ಕಣಜ. ಸರ್ ಅವರನ್ನು ಅದರ ಕೆಳಗೆ ಕೂರಿಸಿ ಶಾಲು ಹೊದೆಸಿದರು. ಲ್ಯಾಬಿಗೆ ಅವರ ಹೆಸರಿಡುತ್ತೇವೆ, ನಿವೃತ್ತಿಯ ನಂತರವೂ ಅವರು ಅಲ್ಲಿ ಕೆಲಸ ಮಾಡಬಹುದು ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಕಟಿಸಿದರು. ಚಪ್ಪಾಳೆ.

ಸರ್ ಎದ್ದು ಮೈಕಿನ ಮುಂದೆ ನಿಂತರು. ವಂದನೆಗಳನ್ನು ಹೇಳಲಿಲ್ಲ. ಹಿಂದೆ ತಿರುಗಿ ಬ್ಯಾನರ್ ತೋರಿಸಿ, “ಇವನು ಗಂಟು ಕಟ್ಟುವುದಿಲ್ಲ. ಗಂಟು ಕಟ್ಟುವವನನ್ನು ತಿಂದು ಬದುಕುತ್ತಾನೆ. ನಾನು ಇಷ್ಟು ವರ್ಷ ನಿಮಗೆಲ್ಲ ತಪ್ಪು ಪಾಠ ಮಾಡಿದ್ದೇನೆ” ಎಂದರು ಇಂಗ್ಲಿಷಿನಲ್ಲಿ. ಸಭೆಗೆ ತಮಾಷೆ ಅನ್ನಿಸಿತು. ಕೆಲವರು ನಕ್ಕರು. ಅವರು ನಗು ನಿಲ್ಲುವ ತನಕ ಕಾದು ಇನ್ನೊಮ್ಮೆ ಹೇಳಿದರು. ಆಮೇಲೆ, “ಇದನ್ನು ಕಂಡುಹಿಡಿದವಳು ಇಲ್ಲಿದ್ದಾಳೆ. ಅವಳೇ ಹೇಳಲಿ” ಎಂದು ರೇಣುಕಾಳನ್ನು ಕರೆದರು. ಅವಳು ಹಿಂಜರಿಯುತ್ತ ವೇದಿಕೆ ಹತ್ತಿದಳು. ಇಂಗ್ಲಿಷಿನಲ್ಲಿ ಶುರುಮಾಡಿ ಹಿಂದಿಗೆ ಇಳಿದಳು. ಸರ್ ಪಕ್ಕದಲ್ಲೇ ನಿಂತಿದ್ದರು. ಅವಳು ತಡವರಿಸಿದ ಕಡೆ ಮಾತು ಕೊಡಲಿಲ್ಲ, ಕಾದರು. ನುಸಿಯ ಪೊರೆಯ ವಿಷಯಕ್ಕೆ ಬಂದಾಗ ಅವಳ ಹೆದರಿಕೆ ಹೋಗಿತ್ತು. ಕೈಬೆರಳಿನಿಂದ ಗಾಳಿಯಲ್ಲೇ ಗಂಟು ಬರೆದು ತೋರಿಸುತ್ತಿದ್ದಳು.

ಅವಳು ಇಳಿದ ಮೇಲೆ ಅಧ್ಯಕ್ಷರು ಸರ್ ಕಿವಿಯ ಹತ್ತಿರ ಬಾಗಿ ಹೇಳಿದ್ದು ಮೈಕಿಗೆ ಬಿತ್ತು: “ಇವತ್ತೇ ಇದೆಲ್ಲ ಬೇಕಿತ್ತಾ?”

“ನಾಳೆ ನನ್ನನ್ನು ಕರೆಯುವುದಿಲ್ಲವಲ್ಲ” ಎಂದರು ಸರ್.

ಕರೆಯಲಿಲ್ಲ, ನಿಜ. ಲ್ಯಾಬಿಗೆ ಹೆಸರಿಡುವ ಮಾತು ಅಲ್ಲಿಗೇ ನಿಂತಿತು. ಜರ್ನಲಿನವರು ಬಹಳ ತಿಂಗಳ ನಂತರ ರೇಣುಕಾಳ ಹೆಸರು ಮೊದಲು ಹಾಕಿ ಒಂದು ಚಿಕ್ಕ ಟಿಪ್ಪಣಿ ಅಚ್ಚು ಹಾಕಿದರು. ನನ್ನ ಪ್ರಮೋಶನ್ ಆ ವರ್ಷ ಆಗಲಿಲ್ಲ. ಮುಂದೆ ಆಯಿತು, ಹೊಸದಾಗಿ ಬರೆದ ಕೆಲಸದ ಮೇಲೆಯೇ. ಆ ಸಂದರ್ಶನದಲ್ಲಿ ಗುರುವಿನ ತಪ್ಪಿನ ಬಗ್ಗೆ ಕೇಳಿದಾಗ, ಅದನ್ನು ಮೊದಲು ನನಗೆ ಹೇಳಿದವರೇ ನನ್ನ ಗುರು ಎಂದೆ. ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಕಾಲೇಜಿನ ಬಾಗಿಲು ತಮಗೆ ಮುಚ್ಚಿದ ಮೇಲೆ ಸರ್ ಪವಾಯಿ ಕೆರೆಯ ದಂಡೆಗೆ ಬರತೊಡಗಿದರು. ವಾಕಿಂಗ್ ಮಾಡುವವರ ನಡುವೆ ಮರಕ್ಕೆ ಮುಖ ಮಾಡಿ ನಿಂತ ಒಬ್ಬ ಮುದುಕ ಕಂಡರೆ ಅದು ಅವರೇ. ಕೆಲವು ಭಾನುವಾರ ರೇಣುಕಾಳೂ ಬರುತ್ತಿದ್ದಳು. ಅವಳು ಆಗಲೇ ಬೇರೆ ಕಡೆ ಪಿಎಚ್.ಡಿ.ಗೆ ಸೇರಿದ್ದಳು, ಎಲೆಗಂಟುಗಳ ಮೇಲೆಯೇ. ನನಗೂ ಬಿಡುವಾದರೆ ಕೆಳಗಿಳಿದು ಹೋಗುತ್ತಿದ್ದೆ. ಆ ದಿನಗಳಲ್ಲಿ ಅವರು ಸುಖವಾಗಿದ್ದರು. ಮುಂಚಿನ ಸಿಡುಕು ಎಲ್ಲಿಗೆ ಹೋಯಿತೋ ಏನೋ. ಒಮ್ಮೆ ಅದನ್ನೇ ಆಂಟಿಯ ಹತ್ತಿರ ಹೇಳಿದೆ. “ಮನೆಗೆ ಬಂದು ನೋಡಿ, ಎಲ್ಲ ಇಲ್ಲೇ ತಂದಿಟ್ಟಿದ್ದಾರೆ” ಎಂದರು.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಓದಲು ಆಗಲಿಲ್ಲ, ಬರಬರುತ್ತ ಮುಖಗಳೂ ತಿಳಿಯದಾದವು. ಕುರ್ಲಾ ಪೂರ್ವದ ಅವರ ಮನೆಯಲ್ಲಿ, ಬಾಲ್ಕನಿಯ ಪಕ್ಕದ ಮಂಚದ ಮೇಲೆ ಹೆಚ್ಚು ಹೊತ್ತು ಮಲಗಿರುತ್ತಿದ್ದರು. ನಾನೂ ರೇಣುಕಾಳೂ ಈ ಮಾರ್ಚಿನಲ್ಲಿ ಹೋದಾಗ ಅವಳು ಚಳ್ಳೆ ಮರದ ಒಂದು ಎಳೆಯ ಟೊಂಗೆ ತಂದಿದ್ದಳು. ಸರ್ ಎದ್ದು ದಿಂಬಿಗೆ ಒರಗಿ ಕೂತು, ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲನೆ ಸವರಿದರು. ಒಂದು ಗಂಟು ಕೈಗೆ ಸಿಕ್ಕಿತು.

“ಇದನ್ನು ಬಿಚ್ಚು.”

ರೇಣುಕಾ ಬ್ಲೇಡ್ ತೆಗೆದು ಸೀಳಿದಳು. ಲೆನ್ಸ್ ಹಿಡಿದು ನೋಡಿದಳು.

“ಹುಳ ಉಂಟಾ?”

“ಇಲ್ರಿ ಸರ. ಖಾಲಿ ಅದ.”

“ಪೊರೆ?”

“ಇಲ್ಲ.”

“ತೂತು ಉಂಟಾ, ಕಣಜ ಬಂದು ಹೋದದ್ದು?”

ಅವಳು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. “ತೂತೂ ಇಲ್ರಿ. ಗೋಡೆ ಪೂರಾ ಇದ್ದಂಗೇ ಅದ. ಒಳಗ ಯಾರೂ ಇಲ್ಲ.” ಲೆನ್ಸ್ ಇಳಿಸಿ, “ಸಣ್ಣದಿದ್ದಾಗ ಸತ್ತು ಕರಗಿರಬೇಕು ಸರ. ಅಥವಾ...” ಎಂದು ಏನೋ ಹೇಳಹೊರಟಳು.

ಸರ್ ಕೈ ಎತ್ತಿ ತಡೆದರು. ಹಣೆ ಗಂಟಿಕ್ಕಿ ಯೋಚಿಸಿದರು. ಅವರ ಮುಖದಲ್ಲಿ ಒಂದು ಹಳೆಯ ಕಾತರ ಮೂಡಿತು. ಆಂಟಿ ಔಷಧಿಯ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತವರು ಒಳಗೆ ಬರಲಿಲ್ಲ.

“ಗೊತ್ತಿಲ್ಲ ಅಂತ ಬರಿ” ಎಂದರು ಸರ್.

ರೇಣುಕಾ ಬರೆದಳು. ಪೆನ್ನಿನ ಸದ್ದು ನಿಲ್ಲುವ ತನಕ ಅವರು ಕಿವಿಗೊಟ್ಟು ಕೂತಿದ್ದರು.

“ಬರೆದೆಯಾ?”

“ಬರದೆ ಸರ.”

“ಸರಿ. ಮುಂದಿನದ್ದು ಬಿಚ್ಚು.”